ಊರವರೇ ಸೇರಿ ಮನೆ ಕಟ್ಟಿಸುವುದು ಹೇಗೆ? ಮೊದಲು ಪತ್ರ, ಆಮೇಲೆ ಕಲ್ಲು

ತಗಡಿನ ಶೆಡ್ಡಿನಲ್ಲಿ ಬದುಕುವ ಕುಟುಂಬದ ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಬಂದರೆ ಸಾಕು, ಯಾರೋ ಸಿಮೆಂಟ್ ಕೊಡುತ್ತೇನೆ ಅನ್ನುತ್ತಾರೆ, ಇನ್ಯಾರೋ ಕಲ್ಲು. ಮುಂದಿನ ವಾರವೇ ಗುದ್ದಲಿ ಪೂಜೆ. ಈ ಉತ್ಸಾಹ ಒಳ್ಳೆಯದೇ. ಆದರೆ ಕಟ್ಟಿದ ಮನೆ ಆ ಕುಟುಂಬದ ಹೆಸರಿನಲ್ಲೇ ಉಳಿಯಬೇಕು, ಅಲ್ವಾ? ಅದಕ್ಕೆ ಗುದ್ದಲಿ ಹಿಡಿಯುವ ಮೊದಲೇ ಕೆಲವು ಕೆಲಸ ಮುಗಿಸಬೇಕು.

ಜಾಗ ಯಾರದ್ದು?

ನೇರ ಗ್ರಾಮ ಪಂಚಾಯಿತಿಗೆ ಹೋಗಿ ಇ-ಸ್ವತ್ತು ದಾಖಲೆ, ಅಂದರೆ ಊರಿನ ಆಸ್ತಿಗಳ ಕಂಪ್ಯೂಟರ್ ದಾಖಲೆ ಕೇಳಿ. ನಮೂನೆ 9 ಮತ್ತು 11ಎ ಕುಟುಂಬದವರ ಹೆಸರಿನಲ್ಲಿದ್ದರೆ ಅರ್ಧ ತಲೆನೋವು ಕಳೆಯಿತು. ಎಷ್ಟೋ ಕಡೆ ಖಾತೆ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುತ್ತದೆ. ಆಗ ವಾರಸುದಾರರ ಹೆಸರಿಗೆ ಖಾತೆ ಬದಲಾಗಬೇಕು. ಅಣ್ಣತಮ್ಮಂದಿರ ಪಾಲಿದ್ದರೆ ವಿಭಾಗಪತ್ರವೂ ಆಗಲಿ. 'ಅವರೇನೂ ತಕರಾರು ಮಾಡಲ್ಲ ಬಿಡಿ' ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ. ಶೆಡ್ ಇದ್ದಾಗ ಸುಮ್ಮನಿದ್ದವರು ತಾರಸಿ ಎದ್ದ ಮೇಲೆ ಪಾಲು ಕೇಳಲು ಬರುತ್ತಾರೆ.

ಸರ್ಕಾರಿ ಜಾಗದಲ್ಲಿ ಹಿಂದಿನಿಂದಲೂ ಮನೆ ಮಾಡಿಕೊಂಡಿದ್ದರೆ, ಭೂ ಕಂದಾಯ ಕಾಯ್ದೆಯ 94ಸಿ ಅಡಿ ಸಕ್ರಮ ಆಗಿದೆಯೇ ಎಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಅರಣ್ಯ ಜಾಗಕ್ಕೆ ಈ ದಾರಿ ಇಲ್ಲ. ತಾಂಡಾ, ಗೊಲ್ಲರಹಟ್ಟಿಗಳ ಕಥೆ ಬೇರೆ. ಅವನ್ನು ಕಂದಾಯ ಗ್ರಾಮ ಎಂದು ಘೋಷಿಸಿ ಹಕ್ಕುಪತ್ರ ಕೊಡಲಾಗುತ್ತಿದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಒಂದೇ ದಿನ ಹಕ್ಕುಪತ್ರ ಹಂಚಲಾಯಿತು. ನಿಮ್ಮೂರಿನ ತಾಂಡಾ ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ತಿಳಿದುಕೊಳ್ಳಿ.

ಊರಿನ ಒಬ್ಬರು 'ನನ್ನ ಹೊಲದ ಮೂಲೆಯಲ್ಲಿ ಎರಡು ಗುಂಟೆ ಕೊಡ್ತೀನಿ' ಅನ್ನಬಹುದು. ದೊಡ್ಡ ಮನಸ್ಸು. ಆದರೆ ಬಾಯಿಮಾತಿನಲ್ಲಿ, ಛಾಪಾ ಕಾಗದದಲ್ಲಿ ಸ್ಥಿರಾಸ್ತಿಯ ದಾನ ಆಗುವುದಿಲ್ಲ. ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ದಾನಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಸರ್ವೆ ನಂಬರಿನ ಒಂದು ತುಂಡಾದರೆ ಆ ತುಂಡನ್ನು ಅಳೆದು ಗುರುತಿಸುವ 11ಇ ನಕ್ಷೆಯೂ ಬೇಕು. ಕೃಷಿ ಜಮೀನಾದರೆ ಮನೆ ಕಟ್ಟಲು ಭೂ ಪರಿವರ್ತನೆಯನ್ನೂ ಮಾಡಿಸಬೇಕು. ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಸರ್ಕಾರದ ಹಣ ಬಿಡಬೇಡಿ

ಎಷ್ಟೋ ಊರುಗಳು ಎಡವುವುದು ಇಲ್ಲೇ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಬಯಲು ಪ್ರದೇಶದ ಮನೆಗೆ ನಿಗದಿಯಾದ ನೆರವು 1.20 ಲಕ್ಷ ರೂಪಾಯಿ. ರಾಜ್ಯದ ಬಸವ ವಸತಿ, ಅಂಬೇಡ್ಕರ್ ನಿವಾಸ್ ಯೋಜನೆಗಳು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ನಡೆಯುತ್ತವೆ. ಕುಟುಂಬದ ಹೆಸರು ಪಟ್ಟಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಗ್ರಾಮಸಭೆಗೆ ಹತ್ತು ಜನ ಹೋಗಿ ಎದ್ದುನಿಂತು ಕೇಳಿ. ನನ್ನ ಪ್ರಕಾರ ಒಂದು ಲೋಡ್ ಮರಳು ಕೊಡುವುದಕ್ಕಿಂತ ಇದು ದೊಡ್ಡ ಸಹಾಯ.

ಮಂಜೂರಾತಿ ಬರುವ ಮೊದಲು ಹಳೆ ಶೆಡ್ ಕೆಡವಬೇಡಿ, ಹೊಸ ತಳಪಾಯ ತೆಗೆಯಬೇಡಿ. ಈಗಿರುವ ಮನೆಯದ್ದೂ ಕಟ್ಟುವ ಜಾಗದ್ದೂ ಜಿಪಿಎಸ್ ಫೋಟೊ ತೆಗೆದ ಮೇಲೆಯೇ ಕಡತ ಮುಂದೆ ಹೋಗುವುದು. ಆಮೇಲೆ ತಳಪಾಯ, ಛಾವಣಿ ಹೀಗೆ ಒಂದೊಂದು ಹಂತದ ಫೋಟೊ ಆದಂತೆ ಹಣ ನೇರ ಫಲಾನುಭವಿಯ ಖಾತೆಗೆ ಬೀಳುತ್ತದೆ. ನಾವೇ ಮೊದಲು ಕಟ್ಟಿಬಿಟ್ಟರೆ ಆ ಹಣ ಕೈತಪ್ಪಬಹುದು. ಮಂಜೂರಾತಿ ಹೆಂಡತಿಯ ಹೆಸರಿನಲ್ಲಿ, ಇಲ್ಲವೇ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಇರಲಿ. ಯೋಜನೆಯ ನಿಯಮವೂ ಅದನ್ನೇ ಬಯಸುತ್ತದೆ.

ಊರಿನ ಹಣ, ಅದರ ಲೆಕ್ಕ

ಈಗಿನ ರೇಟಿನಲ್ಲಿ ಸರ್ಕಾರದ ಹಣಕ್ಕೆ ಪೂರ್ತಿ ಮನೆ ಆಗುವುದಿಲ್ಲ. ಆ ಕೊರತೆ ತುಂಬುವುದೇ ಊರಿನ ಪಾಲು. ಒಂದು ಮನೆಗಾಗಿ ಹೊಸ ಸಂಘ ಕಟ್ಟುವುದೇನೂ ಬೇಡ. ನೋಂದಾಯಿತ ಯುವಕ ಮಂಡಲವೋ ಹಳೆ ವಿದ್ಯಾರ್ಥಿ ಸಂಘವೋ ಇದ್ದರೆ ಅದರ ಬ್ಯಾಂಕ್ ಖಾತೆ ಸಾಕು. ಹಣ ತೆಗೆಯಲು ಇಬ್ಬರ ಸಹಿ ಕಡ್ಡಾಯ ಮಾಡಿ. ಯಾರದ್ದೋ ಸ್ವಂತ ಫೋನ್‌ಪೇ ನಂಬರಿಗೆ ದುಡ್ಡು ಹಾಕಿಸುವುದು ಬೇಡವೇ ಬೇಡ. ಆ ಮನುಷ್ಯ ಎಷ್ಟೇ ಪ್ರಾಮಾಣಿಕನಾಗಿದ್ದರೂ ಕೊನೆಗೆ ಮಾತು ಕೇಳುವವನು ಅವನೇ.

ಸಂಘಕ್ಕೆ ಆದಾಯ ತೆರಿಗೆ ಇಲಾಖೆಯ, '80ಜಿ' ಎಂದು ಹೆಸರಾದ ಮಾನ್ಯತೆ ಇಲ್ಲದಿದ್ದರೆ ತೆರಿಗೆ ವಿನಾಯಿತಿಯ ಆಸೆ ಹುಟ್ಟಿಸಬೇಡಿ. ಇದ್ದರೂ 2,000 ರೂಪಾಯಿ ಮೀರಿದ ನಗದಿಗೆ, ಸಿಮೆಂಟ್ ಕಲ್ಲಿನ ರೂಪದ ದಾನಕ್ಕೆ ಅದು ಸಿಗದು. ದುಬೈ, ಕುವೈತ್‌ನಲ್ಲಿ ದುಡಿಯುವ ಊರಿನ ಹುಡುಗರು ಭಾರತದ ಪಾಸ್‌ಪೋರ್ಟ್ ಉಳ್ಳವರಾದರೆ ತಮ್ಮ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಬಹುದು. ಅಮೆರಿಕದ ಪೌರರಾಗಿರುವವರದ್ದು ವಿದೇಶಿ ದೇಣಿಗೆ ಎನಿಸುತ್ತದೆ. ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ.

ಕಟ್ಟುವಾಗ

ಆವಾಸ್ ಯೋಜನೆಯಲ್ಲಿ ಅಡುಗೆ ಜಾಗವೂ ಸೇರಿ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ. ದಾನಿಗಳು ಹೆಚ್ಚಿದಂತೆ ಮನೆಯ ನಕ್ಷೆಯೂ ಹಿಗ್ಗುತ್ತಾ ಹೋಗುತ್ತದೆ. ಸಿಟೌಟ್ ಒಂದಿರಲಿ, ಮೇಲೊಂದು ರೂಮಿರಲಿ ಅಂತ. ತಡೆಯಿರಿ. ಚಿಕ್ಕದಾಗಿ ಪೂರ್ತಿ ಮುಗಿಸಿ, ಮುಂದೆ ಅವರೇ ಬೆಳೆಸಿಕೊಳ್ಳಲು ಒಂದು ಬದಿಯ ಗೋಡೆಯಾಚೆ ಜಾಗ ಬಿಡಿ.

ಇಟ್ಟಿಗೆ ಸಿಗುವ ಊರಾದರೆ ವಾಸ್ತುಶಿಲ್ಪಿ ಲಾರಿ ಬೇಕರ್ ಜನಪ್ರಿಯ ಮಾಡಿದ, ನಡುವೆ ಟೊಳ್ಳು ಬಿಟ್ಟು ಕಟ್ಟುವ ಗೋಡೆಯನ್ನು ಬಲ್ಲ ಮೇಸ್ತ್ರಿಯನ್ನು ಹುಡುಕಿ. ಇಟ್ಟಿಗೆ ಕಾಲು ಭಾಗದಷ್ಟು ಉಳಿತಾಯವಾಗುತ್ತದೆ. ಕರಾವಳಿಯಲ್ಲಿ ಕೆಂಪುಕಲ್ಲು ಇದ್ದೇ ಇದೆ. ಹಳೆ ಮನೆ ಕೆಡವುವವರ ಹತ್ತಿರ ಹಂಚು, ಬಾಗಿಲು, ಕಿಟಕಿ ಕೇಳಲು ನಾಚಬೇಡಿ. ಒಳ್ಳೆಯ ಹಲಸಿನ ದಾರಂದ ಸುಮ್ನೆ ಬಿಸಿಲಲ್ಲಿ ಬಿದ್ದಿರುತ್ತದೆ.

ಭಾನುವಾರದ ಶ್ರಮದಾನಕ್ಕೆ ಮಣ್ಣು ಹೊರುವುದು, ಕಲ್ಲು ಇಳಿಸುವುದು, ಕ್ಯೂರಿಂಗ್‌ಗೆ ನೀರು ಹಾಕುವುದು ಸರಿ. ಗೋಡೆ, ಛಾವಣಿ, ವೈರಿಂಗ್ ಗೊತ್ತಿರುವವರ ಕೆಲಸ. ಮನೆಯವರೂ ಕೈಜೋಡಿಸಲಿ. ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಸಂಸ್ಥೆ 1976ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಶುರುವಾದಾಗಿನಿಂದ ಮನೆ ಪಡೆಯುವವರೂ ದುಡಿಯಬೇಕೆಂಬ ನಿಯಮ ಇಟ್ಟುಕೊಂಡಿದೆ. ಕಿಟಕಿ ಎಲ್ಲಿರಬೇಕು ಎಂದು ಹೇಳುವ ಹಕ್ಕೂ ಆಗ ಅವರಿಗೆ ತಾನಾಗಿ ಬರುತ್ತದೆ. ದಾನಿಗಳ ಹೆಸರಿನ ಗ್ರಾನೈಟ್ ಫಲಕವನ್ನು ಮಾತ್ರ ಅವರ ಮನೆಯ ಗೋಡೆಗೆ ಅಂಟಿಸಬೇಡಿ. ಅಷ್ಟು ಬೇಕೇ ಬೇಕೆಂದರೆ ಸಂಘದ ಕಚೇರಿಯಲ್ಲಿ ಹಾಕಿಕೊಳ್ಳಿ.

ಮನೆಯೊಕ್ಕಲಿಗೆ ಮೊದಲು ಕರೆಂಟ್ ಮೀಟರ್ ಅವರ ಹೆಸರಿಗೆ ಬಂದಿರಲಿ, ಮನೆ ಕಂದಾಯದ ರಸೀದಿ ಕೈಯಲ್ಲಿರಲಿ. ಲೆಕ್ಕದ ಹಾಳೆಯನ್ನು ಪಂಚಾಯಿತಿ ಬೋರ್ಡಿಗೆ ಹಾಕಿ. ಒಂದಿಷ್ಟು ಹಣ ಉಳಿದರೆ ಖಾತೆಯಲ್ಲೇ ಇಡಿ. ಮೊದಲ ಮಳೆಗೆ ಎಲ್ಲಿ ಸೋರುತ್ತದೆ ಎಂದು ಗೊತ್ತಾದ ಮೇಲೆ ಮೇಸ್ತ್ರಿಯನ್ನು ಇನ್ನೊಮ್ಮೆ ಕರೆಸಬೇಕಾಗುತ್ತದೆ.