ಮಗುವಿಗೆ ನೆಗಡಿ, ಕೆಮ್ಮೇ? ಮೊದಲು ಉಸಿರು ಎಣಿಸಿ

ಮುಂಬೈಯಲ್ಲಿ ಜೂನ್ ಬಂದರೆ ಮಳೆಯೂ ಶುರು, ಶಾಲೆಯೂ ಶುರು. ಬಾಲವಾಡಿಯಿಂದ ಒಬ್ಬ ನೆಗಡಿ ತಂದರೆ ಸಾಕು, ಡೊಂಬಿವಲಿಯ ರೂಮ್-ಕಿಚನ್ ಮನೆಯಲ್ಲಿ ಉಳಿದವರು ತಪ್ಪಿಸಿಕೊಳ್ಳಲು ಜಾಗವೆಲ್ಲಿದೆ? ಇವು ಹೆಚ್ಚಾಗಿ ವೈರಸ್ ಕಾಟ: ರೈನೋವೈರಸ್, ಆರ್‌ಎಸ್‌ವಿ, ಫ್ಲೂ. ಯಾವುದಾದರೂ ಮನೆಯಲ್ಲಿ ಮಾಡುವ ಆರೈಕೆ ಹೆಚ್ಚುಕಮ್ಮಿ ಒಂದೇ.

ಮೊದಲ ಕೆಲಸ ಉಸಿರು ಎಣಿಸುವುದು. ಕೆಮ್ಮಿನ ಸದ್ದಿಗೆ ಗಾಬರಿಯಾಗುವವರೇ ಜಾಸ್ತಿ, ಎದೆ ನೋಡುವವರು ಕಡಿಮೆ. ಮಗು ಮಲಗಿದಾಗ ಅಥವಾ ಸುಮ್ನೆ ಇದ್ದಾಗ ಅಂಗಿ ಮೇಲೆತ್ತಿ. ಮೊಬೈಲಿನಲ್ಲಿ ಒಂದು ನಿಮಿಷದ ಟೈಮರ್ ಇಡಿ. ಹೊಟ್ಟೆ ಉಬ್ಬಿ ಇಳಿದರೆ ಒಂದು. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬೇಡಿ, ಎಳೆಯರ ಉಸಿರು ಒಂದೇ ಸಮ ಇರುವುದಿಲ್ಲ. 2 ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, 1ರಿಂದ 5 ವರ್ಷದವರಿಗೆ 40. ಅಷ್ಟು ಮುಟ್ಟಿದರೆ ಅಥವಾ ದಾಟಿದರೆ ಅವತ್ತೇ ಡಾಕ್ಟರಿಗೆ ತೋರಿಸಿ. 3 ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಬಂದರೂ ಅಷ್ಟೇ.

ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆಯೇ? ತುಟಿ ನೀಲಿಯೇ? ಹಾಲು ಬಿಟ್ಟಿದೆಯೇ, ಎಬ್ಬಿಸಿದರೂ ಏಳುತ್ತಿಲ್ಲವೇ? ಬೀದಿಯಲ್ಲಿ ನೀರು ನಿಂತಿದೆ ಅಂತ ಬೆಳಗಿನವರೆಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಇವು ಯಾವುದೂ ಇಲ್ಲವಾದರೆ ಮೂಗಿನ ಕಡೆ ನೋಡಿ. ಮೂಗು ಕಟ್ಟಿದ ಕೂಸು ಮೊಲೆ ಹಿಡಿಯಲಾರದು. ಹಾಲೂಡಿಸುವ ಸ್ವಲ್ಪ ಮೊದಲು ಎರಡೆರಡು ಹನಿ ಸಲೈನ್ ಡ್ರಾಪ್ಸ್ ಹಾಕಿ ಒರೆಸಿ. ಹಾಲು, ಗಂಜಿ ತಿಳಿ ಏನೇ ಆದರೂ ಸ್ವಲ್ಪಸ್ವಲ್ಪ, ಆಗಾಗ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಆದರೆ ಬಾಟಲಿ ಓದಿ. ಸಿರಪ್ಪಿನ 5 ಮಿಲಿಯಲ್ಲಿ 120 ಮಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಡ್ರಾಪ್ಸ್ ಆದರೆ ಸಾಮಾನ್ಯವಾಗಿ ಒಂದೇ ಮಿಲಿಯಲ್ಲಿ 100. ಪಕ್ಕದ ಮನೆಯವರ ‘ಒಂದು ಚಮಚ’ ನಂಬಿದರೆ ಎಡವಟ್ಟು ಅಲ್ವಾ? ತೂಕ ನೋಡಿ ಡಾಕ್ಟರು ಹೇಳಿದ ಅಳತೆಯನ್ನು ಬಾಟಲಿಯ ಮೇಲೇ ಬರೆದಿಡಿ.

ಮೆಡಿಕಲ್‌ನಿಂದ ನೀವೇ ಕೆಮ್ಮಿನ ಸಿರಪ್ ತರಬೇಡಿ. ಕ್ಲೋರ್‌ಫೆನಿರಮೈನ್, ಫೆನೈಲೆಫ್ರಿನ್ ಎರಡೂ ಬೆರೆತ ಔಷಧ 4 ವರ್ಷದೊಳಗಿನವರಿಗೆ ಬೇಡ ಎಂದು ಕೇಂದ್ರ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ. ಆಂಟಿಬಯೋಟಿಕ್‌ಗೆ ವೈರಸ್ ಬಗ್ಗುವುದಿಲ್ಲ. ಬಿಸಿನೀರಿನ ಪಾತ್ರೆಯಲ್ಲಿ ಹಬೆ ಕೊಡಲು ಹೋಗಿ ಮಗು ಸುಟ್ಟುಕೊಳ್ಳುವ ಅಪಾಯವೇ ಹೆಚ್ಚು. ಊರಿಂದ ಬಂದ ಅಜ್ಜಿ ಜೇನು ನೆಕ್ಕಿಸಲು ಹೊರಟರೆ ವಯಸ್ಸು ನೋಡಿ: ಒಂದು ವರ್ಷದೊಳಗೆ ಖಂಡಿತ ಬೇಡ, ದಾಟಿದ್ದರೆ ರಾತ್ರಿ ಕೆಮ್ಮಿಗೆ ಅರ್ಧ ಚಮಚ ಒಳ್ಳೆಯದೇ. ಅಷ್ಟರಮಟ್ಟಿಗೆ ಅಜ್ಜಿ ಗೆದ್ದರು.

ಜ್ವರ ಇಳಿದ ಮೇಲೂ ಕೆಮ್ಮು ಎರಡು ಮೂರು ವಾರ ಎಳೆಯಬಹುದು. ಫ್ಲೂ ಲಸಿಕೆ 6 ತಿಂಗಳಿಂದಲೇ ಹಾಕಿಸಬಹುದು. ಮಳೆ ಹಿಡಿಯುವ ಮೊದಲೇ ಡಾಕ್ಟರನ್ನು ಕೇಳಿ.