ಒಂದು ಕಣ್ಣು ಮುಚ್ಚಿ ಕ್ಯಾಲೆಂಡರ್ ನೋಡಿ

ಹಲ್ಲು ನೋವು ಬಂದರೆ ರಾತ್ರಿಯೆಲ್ಲ ನಿದ್ದೆ ಇರುವುದಿಲ್ಲ. ಬೆಳಗಾಗುವುದೇ ತಡ, ಡಾಕ್ಟರ ಬಳಿ ಓಡುತ್ತೇವೆ. ಕಣ್ಣಿನ ವಿಷಯ ಹಾಗಲ್ಲ. ದೃಷ್ಟಿ ಕಿತ್ತುಕೊಳ್ಳುವ ದೊಡ್ಡ ಕಾಯಿಲೆಗಳಲ್ಲಿ ಹೆಚ್ಚಿನವು ನೋಯುವುದೇ ಇಲ್ಲ. ಪೊರೆ ನೋಯುವುದಿಲ್ಲ. ಶುಗರ್‌ನಿಂದ ಕಣ್ಣಿನ ಒಳಪರದೆ, ಅಂದರೆ ರೆಟಿನಾ ಹಾಳಾಗುವಾಗ ನೋಯುವುದಿಲ್ಲ. ಕಣ್ಣಿನ ನರ ಸವೆಯುವ ಗ್ಲಾಕೋಮಾ ಬಹಳಷ್ಟು ಜನರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ.

ಇದರ ಜೊತೆಗೆ ಇನ್ನೊಂದು ತೊಡಕು ಇದೆ. ಒಂದು ಕಣ್ಣು ಮಂಕಾದರೆ ಇನ್ನೊಂದು ಅದರ ಕೆಲಸವನ್ನೂ ಮಾಡಿಬಿಡುತ್ತದೆ. ಧೂಳು ಬಿತ್ತೆಂದು ಚೆನ್ನಾಗಿರುವ ಕಣ್ಣನ್ನು ಉಜ್ಜಿಕೊಳ್ಳುವಾಗ, "ಅಯ್ಯೋ, ಈ ಕಡೆ ಏನೂ ಕಾಣ್ತಿಲ್ವಲ್ಲ" ಎಂದು ಮೊದಲ ಸಲ ತಿಳಿಯುವವರು ಎಷ್ಟೋ ಜನ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಆದ್ದರಿಂದ ಕಣ್ಣನ್ನು ಒಂದೊಂದಾಗಿ ನೋಡುವ ಅಭ್ಯಾಸವನ್ನು ಮನೆಯಲ್ಲೇ ಶುರು ಮಾಡಿ. ಖರ್ಚು ಏನೂ ಇಲ್ಲ.

ಹೆಜ್ಜೆ 1: ಗೋಡೆಯ ಕ್ಯಾಲೆಂಡರ್ ಸಾಕು

ದೊಡ್ಡ ಅಂಕಿಗಳಿರುವ ಕ್ಯಾಲೆಂಡರ್ ನಿಮ್ಮ ಮನೆಯಲ್ಲೂ ಇರುತ್ತದೆ ಅಲ್ವಾ? ಹಗಲು ಬೆಳಕಿನಲ್ಲಿ ಅದರಿಂದ ಹತ್ತು ಅಡಿ ದೂರ ನಿಲ್ಲಿ. ದೂರದ ಕನ್ನಡಕ ಇದ್ದರೆ ಹಾಕಿಕೊಂಡೇ ಇರಿ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ. ಬೆರಳಿನಿಂದ ಬೇಡ, ಸಂದಿಯಲ್ಲಿ ಕಾಣುತ್ತದೆ. ಒತ್ತಲೂ ಬೇಡ, ಒತ್ತಿದ ಕಣ್ಣು ಆಮೇಲೆ ಸ್ವಲ್ಪ ಹೊತ್ತು ಮಂಜಾಗಿರುತ್ತದೆ. ಬಲಗಣ್ಣಿನಲ್ಲಿ ತಾರೀಖು ಓದಿ, ತಿಂಗಳ ಹೆಸರು ಓದಿ, ಅದಕ್ಕಿಂತ ಸಣ್ಣ ಅಕ್ಷರ ಎಲ್ಲಿಯವರೆಗೆ ಕಾಣುತ್ತದೆ ನೋಡಿ. ಈಗ ಕಣ್ಣು ಬದಲಿಸಿ. ಎರಡರ ನಡುವೆ ವ್ಯತ್ಯಾಸ ಇದೆಯೇ? ಇಲ್ಲಿ ಮುಖ್ಯವಾದ ಪ್ರಶ್ನೆ ಇದೇ.

ಆಮೇಲೆ ಕ್ಯಾಲೆಂಡರ್ ಹತ್ತಿರ ಹೋಗಿ, ಓದುವ ಕನ್ನಡಕ ಹಾಕಿಕೊಂಡು ತಿಥಿ, ನಕ್ಷತ್ರದ ಸಣ್ಣ ಅಕ್ಷರಗಳನ್ನು ಹೀಗೆಯೇ ಒಂದೊಂದು ಕಣ್ಣಿನಲ್ಲಿ ಓದಿ. ಓದು ಬಾರದ ಅಜ್ಜಿಗೆ ಗಡಿಯಾರದ ಮುಳ್ಳು ತೋರಿಸಿ ಅಥವಾ ಬೆರಳು ಎಣಿಸಲು ಹೇಳಿ.

ಕೊನೆಗೆ ಕಿಟಕಿಯ ಸರಳು. ಒಂದು ಕಣ್ಣು ಮುಚ್ಚಿ, ನಡುವಿನ ಸರಳಿನ ಒಂದು ಜಾಗವನ್ನೇ ದಿಟ್ಟಿಸಿ. ನೆಟ್ಟಗಿರಬೇಕಾದ ಸರಳು ಡೊಂಕಾಗಿ, ಅಲೆಯಂತೆ ಕಾಣುತ್ತಿದೆಯೇ? ನಡುವೆ ಮಸಿ ಬಳಿದಂತೆ ಒಂದು ಕಲೆ ಇದೆಯೇ? ಆಸ್ಪತ್ರೆಯಲ್ಲಿ ಇದೇ ಪರೀಕ್ಷೆಗೆ ಚೌಕುಳಿ ಚೌಕುಳಿಯ ಒಂದು ಹಾಳೆ ಕೊಡುತ್ತಾರೆ, ಅದಕ್ಕೆ ಆಮ್ಸ್ಲರ್ ಗ್ರಿಡ್ ಎನ್ನುತ್ತಾರೆ. ಮನೆಯಲ್ಲಿ ಕಿಟಕಿ ಸಾಕು, ನೆಲದ ಟೈಲ್ಸ್ ಗೆರೆಯೂ ಆಗುತ್ತದೆ. ತಿಂಗಳು ಬದಲಾಗಿ ಕ್ಯಾಲೆಂಡರ್ ಹಾಳೆ ತಿರುವುವ ದಿನವೇ ಇದನ್ನು ಮಾಡಿದರೆ ಮರೆಯುವುದಿಲ್ಲ.

ಇದರಲ್ಲಿ ಪಾಸಾದರೆ ಕಾಯಿಲೆ ಇಲ್ಲ ಎಂದರ್ಥವಲ್ಲ. ಆದರೆ ಫೇಲಾದರೆ ಆ ವಾರವೇ ಡಾಕ್ಟರ ಬಳಿ ಹೋಗಬೇಕು. ಸರಳು ಇದ್ದಕ್ಕಿದ್ದಂತೆ ಡೊಂಕಾಗಿ ಕಂಡಿದ್ದರೆ ಮರುದಿನವೇ.

ಹೆಜ್ಜೆ 2: ಕಂಡದ್ದನ್ನು ಅರ್ಥ ಮಾಡಿಕೊಳ್ಳಿ

ಎಲ್ಲವೂ ಮಂಜು ಮಂಜು, ರಾತ್ರಿ ಎದುರು ಬರುವ ಗಾಡಿಯ ಲೈಟ್ ಒಡೆದು ಚೆಲ್ಲಿದಂತೆ ಕಾಣುತ್ತದೆ, ಬಿಳಿ ಬಟ್ಟೆ ಹಳದಿ ಅನ್ನಿಸುತ್ತದೆ ಎಂದರೆ ಹೆಚ್ಚಾಗಿ ಅದು ಪೊರೆ. ಕಣ್ಣಿನೊಳಗಿನ ಲೆನ್ಸು, ಹೊಗೆ ಹಿಡಿದ ಲಾಟೀನಿನ ಗಾಜಿನಂತೆ ಮಬ್ಬಾಗುವುದು. ನಮ್ಮ ದೇಶದಲ್ಲಿ ಐವತ್ತು ದಾಟಿದವರ ಕುರುಡುತನಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ. ಪೂರ್ತಿ ವಾಸಿಯಾಗುವ ಕಾಯಿಲೆ ಕೂಡ ಇದೇ.

ಪೊರೆಯಲ್ಲಿ ಮೋಸ ಹೋಗುವ ಜಾಗ ಒಂದಿದೆ. ಎಪ್ಪತ್ತರ ತಾತ ಇದ್ದಕ್ಕಿದ್ದಂತೆ ಕನ್ನಡಕ ಇಲ್ಲದೆ ಪೇಪರ್ ಓದಲು ಶುರು ಮಾಡುತ್ತಾರೆ. ಮನೆಯವರಿಗೆಲ್ಲ ಖುಷಿ, "ತಾತನ ಕಣ್ಣು ಎಳೆಯದಾಯ್ತು" ಎನ್ನುತ್ತಾರೆ. ನಿಜವಾಗಿ ಆಗಿರುವುದು ಬೇರೆ. ಪೊರೆ ಬಂದು ಲೆನ್ಸು ಗಟ್ಟಿಯಾಗುವಾಗ ಕಣ್ಣಿಗೆ ಮೈನಸ್ ನಂಬರ್ ಬರುತ್ತದೆ. ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ದೂರದ್ದು ಹೋಗುತ್ತದೆ. ಸ್ವಲ್ಪ ದಿನಕ್ಕೆ ಹತ್ತಿರದ್ದೂ ಮಬ್ಬಾಗುತ್ತದೆ.

"ಪೊರೆ ಇನ್ನೂ ಬಲಿತಿಲ್ಲ, ಬಲಿಯಲಿ" ಎಂದು ಕಾಯುವುದು ಹಳೆಯ ಕಾಲದ ಮಾತು. ಆಗ ಅದಕ್ಕೆ ಕಾರಣವೂ ಇತ್ತು. ಬೀಳಗಿಯ ಡಾ. ಎಂ.ಸಿ. ಮೋದಿ ಊರೂರು ತಿರುಗಿ ಶಿಬಿರ ನಡೆಸಿ ಲೆಕ್ಕವಿಲ್ಲದಷ್ಟು ಜನರ ಪೊರೆ ತೆಗೆದ ಆ ದಿನಗಳಲ್ಲಿ ಕಣ್ಣಿನೊಳಗೆ ಹೊಸ ಲೆನ್ಸು ಕೂರಿಸುವುದು ಬಳಕೆಗೆ ಬಂದಿರಲಿಲ್ಲ. ಆಪರೇಷನ್ ಆದವರು ಸೋಡಾ ಬಾಟಲಿ ತಳದಷ್ಟು ದಪ್ಪ ಕನ್ನಡಕ ಹಾಕಬೇಕಿತ್ತು. ಅರ್ಧ ಪೊರೆಗಿಂತ ಆ ಕನ್ನಡಕವೇ ಕಷ್ಟ ಅನ್ನಿಸುತ್ತಿತ್ತು. ಈಗ ಎರಡು ಮೂರು ಮಿಲಿಮೀಟರ್ ಗಾಯದಲ್ಲಿ ಪೊರೆ ಪುಡಿ ಮಾಡಿ ಹೀರಿ, ಮಡಚುವ ಲೆನ್ಸು ಇಡುತ್ತಾರೆ. ದಿನದ ಕೆಲಸಕ್ಕೆ ತೊಡಕಾಗುತ್ತಿದೆ ಎಂದರೆ ಅದೇ ಸರಿಯಾದ ಸಮಯ. ಜಾಸ್ತಿ ಬಲಿತ ಪೊರೆ ಕಣ್ಣಿನ ಒತ್ತಡ ಏರಿಸಿ ಕೇಡು ಮಾಡಬಹುದು. ಪೊರೆ ಕರಗಿಸುವ ಡ್ರಾಪ್ಸ್ ಎಂದು ಯಾರಾದರೂ ಮಾರಿದರೆ ದುಡ್ಡು ಕೊಡಬೇಡಿ. ಅಂಥದ್ದು ಇಲ್ಲ.

ಗ್ಲಾಕೋಮಾದಲ್ಲಿ ಮೊದಲು ಹೋಗುವುದು ಅಕ್ಕಪಕ್ಕದ ನೋಟ. ಎದುರಿಗಿರುವ ಕ್ಯಾಲೆಂಡರ್ ಚೆನ್ನಾಗಿಯೇ ಕಾಣುತ್ತದೆ, ಪಕ್ಕದಿಂದ ಬಂದ ಸ್ಕೂಟರ್ ಕಾಣುವುದಿಲ್ಲ. ಕಣ್ಣಿನಿಂದ ಮೆದುಳಿಗೆ ಹೋಗುವ ನರ ಸವೆಯುತ್ತದೆ, ಹೋದ ನೋಟ ವಾಪಸ್ ಬರುವುದಿಲ್ಲ. ಡ್ರಾಪ್ಸ್ ಹಾಕುವುದು ಉಳಿದದ್ದನ್ನು ಉಳಿಸಿಕೊಳ್ಳಲು. ಅಪ್ಪನಿಗೋ ಅಕ್ಕನಿಗೋ ಗ್ಲಾಕೋಮಾ ಇದ್ದರೆ ನಲವತ್ತು ದಾಟಿದ ಒಡಹುಟ್ಟಿದವರು, ಮಕ್ಕಳು ಎಲ್ಲರೂ ಒಮ್ಮೆ ಕಣ್ಣಿನ ಒತ್ತಡ ಮತ್ತು ನರ ಎರಡನ್ನೂ ತೋರಿಸಿಕೊಳ್ಳಬೇಕು. ಎರಡನ್ನೂ ಎಂದದ್ದು ಯಾಕೆಂದರೆ, ಒತ್ತಡ ಮಾಮೂಲಿನಂತಿದ್ದೂ ನರ ಸವೆಯುವವರಿದ್ದಾರೆ.

ಸರಳು ಡೊಂಕಾಗಿ ಕಂಡರೆ ರೆಟಿನಾದ ನಡುಭಾಗಕ್ಕೆ ತೊಂದರೆ ಆಗಿರಬಹುದು. ವಯಸ್ಸಿನಿಂದ ಬರಬಹುದು, ಶುಗರ್‌ನಿಂದಲೂ ಬರಬಹುದು. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಜಾಸ್ತಿ.

ಹೆಜ್ಜೆ 3: ಪಾಪೆ ಹಿಗ್ಗಿಸಿ ನೋಡಿಸಿ

ಕನ್ನಡಕದ ಅಂಗಡಿಯ ಕಂಪ್ಯೂಟರ್ ಟೆಸ್ಟಿನಲ್ಲಿ ಗಲ್ಲ ಇಟ್ಟು ಕೂತರೆ ದೂರದಲ್ಲಿ ಬಣ್ಣದ ಬಲೂನು ಕಾಣುತ್ತದೆ, ಚೀಟಿ ಬರುತ್ತದೆ. ಆ ಚೀಟಿ ಹೇಳುವುದು ನಂಬರ್ ಮಾತ್ರ. ರೆಟಿನಾ ಹೇಗಿದೆ, ನರ ಹೇಗಿದೆ ಎಂದು ಆ ಮಷೀನು ನೋಡುವುದಿಲ್ಲ. "ಹೋದ ವರ್ಷ ತಾನೇ ಕಣ್ಣು ಚೆಕ್ ಮಾಡಿಸಿದ್ದೆ" ಎನ್ನುವ ಬಹಳ ಜನ ಮಾಡಿಸಿದ್ದು ಇಷ್ಟೇ.

ಶುಗರ್ ಇರುವವರು ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿಸಿಕೊಂಡು ಪಾಪೆ, ಅಂದರೆ ಕಣ್ಣಿನ ನಡುವಿನ ಕಪ್ಪು ಕಿಂಡಿ ಹಿಗ್ಗಿಸಿ ರೆಟಿನಾ ನೋಡಿಸಲೇಬೇಕು. ದೊಡ್ಡವರಾದ ಮೇಲೆ ಬರುವ ಶುಗರ್ ಆದರೆ, ಗೊತ್ತಾದ ವರ್ಷದಿಂದಲೇ. ಯಾಕೆಂದರೆ ಅದು ಗೊತ್ತಾಗುವ ಮೊದಲೇ ಎಷ್ಟೋ ಕಾಲದಿಂದ ಮೈಯಲ್ಲಿ ಇದ್ದಿರಬಹುದು. ಶುಗರ್ ಇದ್ದು ಗರ್ಭಿಣಿಯಾದವರು ಇನ್ನೂ ಬೇಗ ಬೇಗ ತೋರಿಸಬೇಕು. ಬೇಗ ಸಿಕ್ಕಿದರೆ ಲೇಸರ್, ಇಂಜೆಕ್ಷನ್‌ಗಳಿಂದ ದೃಷ್ಟಿ ಉಳಿಯುತ್ತದೆ. ಚೆನ್ನಾಗಿ ಕಾಣುತ್ತಿರುವಾಗ ಹೋದವರಿಗೇ ಇದರ ಲಾಭ ಹೆಚ್ಚು.

ಹೋಗುವ ದಿನ ಹೀಗೆ ಮಾಡಿ: ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಗಾಡಿ ನೀವು ಓಡಿಸಬೇಡಿ. ಡ್ರಾಪ್ಸ್ ಹಾಕಿ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕೂರಿಸುತ್ತಾರೆ. ಆಮೇಲೆ ಕೆಲವು ಗಂಟೆ ಹತ್ತಿರದ್ದು ಕಾಣುವುದಿಲ್ಲ, ಬಿಸಿಲು ಚುಚ್ಚುತ್ತದೆ. ಕಪ್ಪು ಕನ್ನಡಕ ಇಟ್ಟುಕೊಳ್ಳಿ. ಹಳೆಯ ಕನ್ನಡಕ, ಹಳೆಯ ಚೀಟಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ದುಡ್ಡಿನ ಚಿಂತೆ ಇದ್ದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ. ಬೆಂಗಳೂರಿನಲ್ಲಿ 1896ರಲ್ಲಿ ಶುರುವಾದ ಮಿಂಟೋ ಕಣ್ಣಾಸ್ಪತ್ರೆ ಇದೆ. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಿಂದಲೂ ನಡೆಯುತ್ತಿದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆ ಆಪರೇಷನ್ ಅದರಡಿ ಉಚಿತ.

ಹೆಜ್ಜೆ 4: ಕಣ್ಣು ಕೆಂಪಾದರೆ ಮೆಡಿಕಲ್ ಶಾಪಿಗೆ ಓಡಬೇಡಿ

2023ರ ಮಳೆಗಾಲದಲ್ಲಿ ಶಾಲೆ, ಹಾಸ್ಟೆಲ್ ಎಲ್ಲ ಕಡೆ ಮದ್ರಾಸ್ ಐ ಹಬ್ಬಿದ್ದು ನೆನಪಿರಬೇಕು. ಕಣ್ಣು ಕೆಂಪು, ನೀರು, ಪಿಸುರು, ಬೆಳಗ್ಗೆ ರೆಪ್ಪೆ ಅಂಟಿಕೊಳ್ಳುವುದು. ಕೆಂಗಣ್ಣಿನವರನ್ನು ನೋಡಿದರೆ ನಮಗೂ ಬರುತ್ತದೆ ಎನ್ನುವುದು ಸುಳ್ಳು. ಅವರ ಕೈ, ಟವೆಲ್, ದಿಂಬು, ಮೊಬೈಲ್ ಮುಟ್ಟಿ ನಮ್ಮ ಕಣ್ಣು ಮುಟ್ಟಿಕೊಂಡರೆ ಬರುತ್ತದೆ. ಬಹಳಷ್ಟು ಸಲ ಇದು ವೈರಸ್‌ನಿಂದ, ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ. ತಣ್ಣೀರ ಬಟ್ಟೆ ಇಡಿ, ಕೈ ತೊಳೆಯಿರಿ, ಟವೆಲ್ ಬೇರೆ ಮಾಡಿ.

ಆದರೆ ಕೆಂಪಿನ ಜೊತೆ ಜೋರು ನೋವಿದ್ದರೆ, ಬೆಳಕು ನೋಡಲಾಗದಿದ್ದರೆ, ನೋಟ ಮಂಕಾಗಿದ್ದರೆ ಅಥವಾ ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದನ್ನು ಬರೀ ಮದ್ರಾಸ್ ಐ ಎಂದುಕೊಳ್ಳಬೇಡಿ. ಭತ್ತದ ಹೊಟ್ಟು, ಕಬ್ಬಿನ ಗರಿ ತಾಗಿದ ಕಣ್ಣಿನಲ್ಲಿ ಶಿಲೀಂಧ್ರದ ಹುಣ್ಣಾಗುವುದು ನಮ್ಮ ಕಡೆ ಮಾಮೂಲಿ. ಅಂಥ ಕಣ್ಣಿಗೆ ಹರಳೆಣ್ಣೆ, ಸೊಪ್ಪಿನ ರಸ, ಎದೆಹಾಲು ಯಾವುದನ್ನೂ ಹಾಕಬೇಡಿ. ಅದಕ್ಕಿಂತ ಕೆಟ್ಟದ್ದು, ಹೇಳದೆ ಕೇಳದೆ ಕೊಂಡ ಸ್ಟಿರಾಯ್ಡ್ ಡ್ರಾಪ್ಸ್. ಹಾಕಿದ ತಕ್ಷಣ ಕೆಂಪು ಇಳಿಯುತ್ತದೆ, ಹಾಯೆನಿಸುತ್ತದೆ, ಒಳಗೆ ಹುಣ್ಣು ಬೆಳೆಯುತ್ತಲೇ ಇರುತ್ತದೆ. ಅಲರ್ಜಿ ತುರಿಕೆ ಇರುವ ಮಕ್ಕಳಿಗೆ ಇದೇ ಬಾಟಲಿಯನ್ನು ತಿಂಗಳುಗಟ್ಟಲೆ ಹಾಕಿ ಗ್ಲಾಕೋಮಾ, ಪೊರೆ ಎರಡನ್ನೂ ತರಿಸಿಕೊಂಡ ಮನೆಗಳಿವೆ. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಡಾಕ್ಟರ್ ಬರೆದಷ್ಟು ದಿನ ಹಾಕಿ, ಅವರು ಹೇಳಿದ ಹಾಗೆ ನಿಲ್ಲಿಸಿ. ಉಳಿದದ್ದನ್ನು ಪಕ್ಕದ ಮನೆಗೆ ಕೊಡಬೇಡಿ.

ಹುಣ್ಣು ಆರಿ ಕಾರ್ನಿಯಾ, ಅಂದರೆ ಕಪ್ಪುಗುಡ್ಡೆಯ ಮೇಲಿನ ಗಾಜಿನಂಥ ಪದರ ಬಿಳಿಯಾಗಿ ಉಳಿದರೆ ಆಮೇಲೆ ಹೆಚ್ಚಾಗಿ ಇರುವ ದಾರಿ, ಇನ್ನೊಬ್ಬರು ದಾನ ಮಾಡಿದ ಕಾರ್ನಿಯಾ. 2006ರಲ್ಲಿ ಡಾ. ರಾಜ್‌ಕುಮಾರ್ ಕಣ್ಣುಗಳು, 2021ರಲ್ಲಿ ಪುನೀತ್ ಕಣ್ಣುಗಳು ಹೀಗೆ ಬೇರೆಯವರಿಗೆ ಬೆಳಕಾದವು. ಪುನೀತ್ ಅವರ ಕಾರ್ನಿಯಾಗಳನ್ನು ಪದರ ಪದರವಾಗಿ ಬಿಡಿಸಿ ನಾಲ್ವರಿಗೆ ಕೊಟ್ಟರು. ಕನ್ನಡಕ ಹಾಕುವವರು, ಪೊರೆ ಆಪರೇಷನ್ ಆದವರು ಕೂಡ ದಾನ ಮಾಡಬಹುದು. ತೀರಿಕೊಂಡ ಆರು ಗಂಟೆಯೊಳಗೆ ಕಣ್ಣಿನ ಬ್ಯಾಂಕಿನವರು ಬರಬೇಕು, ಅಷ್ಟೇ.

ಹೆಜ್ಜೆ 5: ಡ್ರಾಪ್ಸ್ ಹಾಕುವುದನ್ನು ಕಲಿಯಿರಿ

ಇದನ್ನು ಯಾರೂ ಕಲಿಸುವುದಿಲ್ಲ. ಆದರೆ ಗ್ಲಾಕೋಮಾ ಇರುವವರು ಜೀವನವಿಡೀ ಮಾಡಬೇಕಾದ ಕೆಲಸ ಇದು. ಮೊದಲು ಬಾಟಲಿ ಓದಿ. ಕಿವಿಯ ಡ್ರಾಪ್ಸ್, ಅಂಟಿನ ಗಮ್ ಎಲ್ಲ ಒಂದೇ ಅಳತೆಯ ಬಾಟಲಿಯಲ್ಲಿ ಬರುತ್ತವೆ, ಕಣ್ಣು ಕಾಣದವರೇ ಅದನ್ನು ಹಾಕಿಕೊಳ್ಳುವವರು. ಕೈ ತೊಳೆದು, ಕೂತು ಅಥವಾ ಮಲಗಿ ತಲೆ ಹಿಂದಕ್ಕೆ ಬಾಗಿಸಿ. ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಗೆ ಎಳೆದರೆ ಪುಟ್ಟ ಜೇಬಿನಂತೆ ತೆರೆದುಕೊಳ್ಳುತ್ತದೆ. ಮೇಲೆ ನೋಡುತ್ತಾ ಅಲ್ಲಿಗೆ ಒಂದೇ ಹನಿ ಬಿಡಿ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಆ ಜಾಗ ಒಂದು ಹನಿಯನ್ನೇ ಪೂರ್ತಿ ಹಿಡಿಯುವುದಿಲ್ಲ, ಎರಡನೆಯದು ಕೆನ್ನೆಯ ಪಾಲು.

ಈಗ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಹಾಕಿದ ಮೇಲೆ ಗಂಟಲು ಕಹಿಯಾಗುತ್ತದೆ ಅಲ್ವಾ, ಔಷಧಿ ಆ ಮೂಲೆಯಿಂದ ಮೂಗಿಗೆ, ಗಂಟಲಿಗೆ ಇಳಿದದ್ದರ ಗುರುತು ಅದು. ಟಿಮೋಲಾಲ್‌ನಂಥ ಗ್ಲಾಕೋಮಾ ಔಷಧಿ ಹೀಗೆ ಮೈಗೆ ಸೇರಿದರೆ ಆಸ್ತಮಾ ಇರುವವರಿಗೆ ಉಸಿರು ಕಟ್ಟಬಹುದು. ಆಸ್ತಮಾ ಇದ್ದರೆ ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಿ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ. ತೆರೆದ ದಿನದ ತಾರೀಖನ್ನು ಬಾಟಲಿಯ ಮೇಲೆ ಬರೆದಿಡಿ, ಸಾಮಾನ್ಯವಾಗಿ ಒಂದು ತಿಂಗಳಾದ ಮೇಲೆ ಎಸೆಯಬೇಕು.

ಹೆಜ್ಜೆ 6: ಸುಣ್ಣ, ಮೈಲುತುತ್ತ

ಎಲೆ ಅಡಿಕೆಯ ಸುಣ್ಣದ ಟ್ಯೂಬು ಮಕ್ಕಳ ಕೈಗೆ ಸಿಕ್ಕರೆ ಹಿಚುಕುತ್ತಾರೆ, ಸಿಡಿದು ನೇರ ಕಣ್ಣಿಗೆ ಬೀಳುತ್ತದೆ. ಮಲೆನಾಡಿನಲ್ಲಿ ಕೊಳೆ ರೋಗಕ್ಕೆ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಬೋರ್ಡೋ ದ್ರಾವಣದಲ್ಲೂ ಮೈಲುತುತ್ತದ ಜೊತೆ ಸುಣ್ಣ ಇದೆ. ಸುಣ್ಣ ಕಣ್ಣನ್ನು ಆಸಿಡ್‌ಗಿಂತ ಆಳಕ್ಕೆ ಸುಡುತ್ತದೆ. ಬಿದ್ದ ಕೂಡಲೇ, ಇದ್ದಲ್ಲೇ, ಸಿಕ್ಕ ಶುದ್ಧ ನೀರಿನಲ್ಲಿ ತೊಳೆಯಲು ಶುರು ಮಾಡಿ. ರೆಪ್ಪೆ ಬಿಡಿಸಿ ಹಿಡಿದು ಕಡಿಮೆಯೆಂದರೆ ಇಪ್ಪತ್ತು ನಿಮಿಷ ನೀರು ಹರಿಸಿ. ರೆಪ್ಪೆಯ ಒಳಗೆ ಸುಣ್ಣದ ಚೂರು ಸಿಕ್ಕಿಕೊಂಡಿದ್ದರೆ ಒದ್ದೆ ಬಟ್ಟೆಯಿಂದ ತೆಗೆಯಿರಿ. ನಿಂಬೆರಸ ಗಿಂಬೆರಸ ಹಾಕಬೇಡಿ. ತೊಳೆದ ಮೇಲೆ ಆಸ್ಪತ್ರೆ. ಔಷಧಿ ಹೊಡೆಯುವವರು, ವೆಲ್ಡಿಂಗ್ ಮಾಡುವವರು, ಕಳೆ ಕೊಚ್ಚುವ ಮಷೀನು ಹಿಡಿಯುವವರು ಸೈಡು ಮುಚ್ಚಿದ ಗಾಗಲ್ ಹಾಕಲೇಬೇಕು.

ಮಕ್ಕಳಿಗೆ, ಸ್ಕ್ರೀನ್ ನೋಡುವವರಿಗೆ

ಮಕ್ಕಳು "ಒಂದು ಕಣ್ಣು ಕಾಣ್ತಿಲ್ಲ" ಎಂದು ಹೇಳುವುದಿಲ್ಲ. ಅವರಿಗೆ ಅದೇ ಲೋಕ. ಸ್ಕೂಲಿಗೆ ಸೇರಿಸುವ ಮೊದಲು ಒಮ್ಮೆ ಕಣ್ಣು ತೋರಿಸಿ. ಮೆಳ್ಳಗಣ್ಣು ಅದೃಷ್ಟ ಎಂದು ಬಿಟ್ಟರೆ ಆ ಕಣ್ಣು ನೋಡುವುದನ್ನೇ ಕಲಿಯದೆ ಸೋಮಾರಿಯಾಗುತ್ತದೆ. ಏಳೆಂಟು ವರ್ಷದೊಳಗೆ ಚಿಕಿತ್ಸೆ ಕೊಟ್ಟರೆ ಚೆನ್ನಾಗಿ ಸರಿಹೋಗುತ್ತದೆ. ದಿನಕ್ಕೆ ಎರಡು ಗಂಟೆ ಬಯಲಲ್ಲಿ ಆಡಿದರೆ ಮೈನಸ್ ನಂಬರ್ ಬರುವ ಸಂಭವ ಕಡಿಮೆ. ಕನ್ನಡಕ ಹಾಕಿದರೆ ನಂಬರ್ ಜಾಸ್ತಿಯಾಗುತ್ತದೆ ಎನ್ನುವುದೂ, ಕ್ಯಾರೆಟ್ ತಿಂದರೆ ನಂಬರ್ ಹೋಗುತ್ತದೆ ಎನ್ನುವುದೂ ಸುಳ್ಳು. ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಕೊಡುವ ವಿಟಮಿನ್ ಎ ಸಿರಪ್ ತಪ್ಪಿಸಬೇಡಿ. ನುಗ್ಗೆಸೊಪ್ಪಿನ ಪಲ್ಯ ಮಾಡುವಾಗ ಎಣ್ಣೆ ಒಗ್ಗರಣೆ ಇರಲಿ, ಸೊಪ್ಪಿನಲ್ಲಿರುವುದು ಮೈಗೆ ಹತ್ತಲು ಜಿಡ್ಡು ಬೇಕು.

ಕಂಪ್ಯೂಟರ್ ಮುಂದೆ ಕೂತಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ್ದನ್ನು ಇಪ್ಪತ್ತು ಸೆಕೆಂಡ್ ನೋಡಿ. ಎ.ಸಿ. ಗಾಳಿ ಮುಖಕ್ಕೆ ಬೀಳದಿರಲಿ.

ಬೆಳಗಾಗಲಿ ಎಂದು ಕಾಯಬೇಡಿ

ಕಣ್ಣಿನಲ್ಲಿ ಮಿಂಚು ಹೊಡೆದಂತಾಗಿ, ಹೊಸದಾಗಿ ಕಪ್ಪು ಚುಕ್ಕೆಗಳ ಮಳೆ ಸುರಿದು, ಒಂದು ಕಡೆಯಿಂದ ಪರದೆ ಇಳಿದಂತೆ ಕಂಡರೆ ರೆಟಿನಾ ಕಿತ್ತು ಬರುತ್ತಿದೆ ಎಂದು ತಿಳಿಯಿರಿ. ಒಂದು ಕಣ್ಣು ನೋವಿಲ್ಲದೆ ಥಟ್ಟನೆ ಕತ್ತಲಾದರೂ ಅಷ್ಟೇ ಅವಸರ. ಒಂದೇ ಕಣ್ಣಿನಲ್ಲಿ ಜೋರು ನೋವು, ಕೆಂಪು, ದೀಪದ ಸುತ್ತ ಬಣ್ಣದ ಬಳೆ, ಜೊತೆಗೆ ವಾಂತಿ ಬಂದರೆ ಅದು ಇದ್ದಕ್ಕಿದ್ದಂತೆ ಒತ್ತಡ ಏರುವ ಗ್ಲಾಕೋಮಾ ಇರಬಹುದು. ವಾಂತಿ ನೋಡಿ ಗ್ಯಾಸ್ಟ್ರಿಕ್ ಎಂದು ರಾತ್ರಿ ಕಳೆದರೆ ಕಣ್ಣು ಹೋಗಬಹುದು. ಪೊರೆ ಆಪರೇಷನ್ ಆದ ಕೆಲವೇ ದಿನಗಳಲ್ಲಿ ನೋವು ಏರಿ ನೋಟ ಇಳಿದರೆ ಒಳಗೆ ಸೋಂಕಾಗಿರಬಹುದು, ಮುಂದಿನ ತಾರೀಖಿಗೆ ಕಾಯದೆ ಅದೇ ಆಸ್ಪತ್ರೆಗೆ ಹೋಗಿ. ಫ್ಲಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಪಾಪೆ ಬೆಳ್ಳಗೆ ಹೊಳೆದರೆ, ಮಗು ಆಡಿಕೊಂಡು ಚೆನ್ನಾಗಿಯೇ ಇದ್ದರೂ, ಕಣ್ಣಿನ ಕ್ಯಾನ್ಸರ್ ಅಲ್ಲವೆಂದು ಖಚಿತವಾಗುವವರೆಗೆ ಬಿಡಬೇಡಿ. ಆ ಫೋಟೋವನ್ನೂ ಡಾಕ್ಟರಿಗೆ ತೋರಿಸಿ.