ಜರ್ಮನಿಯ ರೈಲು: ನಂಬರು ಗಾಡಿಯದೋ, ರೂಟಿನದೋ?

ರಜೆಗೆ ಉಡುಪಿಗೆ ಬಂದಾಗಲೆಲ್ಲ ಜರ್ಮನಿಗೆ ಓದಲು ಹೊರಟ ಒಬ್ಬಿಬ್ಬರು ಹುಡುಗರು ಮನೆಗೆ ಬರುತ್ತಾರೆ. ವೀಸಾ, ರೂಮು, ಅಕ್ಕಿ ಎಲ್ಲ ಕೇಳುತ್ತಾರೆ. ರೈಲಿನ ಬಗ್ಗೆ ಯಾರೂ ಕೇಳುವುದಿಲ್ಲ. ಮೊದಲ ವಾರ ಎಡವುವುದು ಅಲ್ಲೇ.

ನಮ್ಮ ಇಂದ್ರಾಳಿ ಸ್ಟೇಷನ್ನಿನಲ್ಲಿ 12620 ಅಂದರೆ ಮುಂಬೈಗೆ ಹೋಗುವ ಮತ್ಸ್ಯಗಂಧ. ಆ ನಂಬರು ಆ ಗಾಡಿಯದು. ಜರ್ಮನಿಯಲ್ಲಿ ಎಸ್ 1 ಅಂದರೆ ರೂಟು, ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಹೊರಡುವ ಸಿಟಿ ಬಸ್ಸಿನ ನಂಬರಿದ್ದ ಹಾಗೆ. ಒಂದು ತಪ್ಪಿದರೆ ಅದೇ ನಂಬರಿನ ಇನ್ನೊಂದು ಬರುತ್ತದೆ. ಮ್ಯೂನಿಕ್‌ನಲ್ಲೂ ಎಸ್ 1 ಇದೆ, ಹ್ಯಾಂಬರ್ಗ್‌ನಲ್ಲೂ ಇದೆ. ಒಂದಕ್ಕೊಂದು ಸಂಬಂಧವಿಲ್ಲ.

ಅಂಕಿಗಿಂತ ಮೊದಲು ಅಕ್ಷರ ನೋಡಿ. ಎಸ್ ಊರು ಮತ್ತು ಸುತ್ತಮುತ್ತಲಿಗೆ. ಆರ್‌ಬಿ ನಮ್ಮ ಪ್ಯಾಸೆಂಜರ್ ಥರ. ಆರ್‌ಇ ಸಣ್ಣ ಸ್ಟೇಷನ್ ಬಿಟ್ಟು ಓಡುತ್ತದೆ. ಐಸಿ, ಐಸಿಇ ದೂರಕ್ಕೆ. ದೇಶವಿಡೀ ನಡೆಯುವ ತಿಂಗಳ ಪಾಸು, ಡಾಯ್ಚ್‌ಲಾಂಡ್ ಟಿಕೆಟ್, 2023ರ ಮೇಯಲ್ಲಿ 49 ಯೂರೋಗೆ ಶುರುವಾಯಿತು, 2026ರಿಂದ 63 ಯೂರೋ. ರೈಲುಗಳಲ್ಲಿ ಅದು ನಡೆಯುವುದು ಎಸ್, ಆರ್‌ಬಿ, ಆರ್‌ಇ ಈ ಮೂರರಲ್ಲಿ. ಐಸಿಇಯಲ್ಲಿ ಹತ್ತಿ ಕೂತರೆ ದಂಡ ಗ್ಯಾರಂಟಿ.

ಆದರೆ ಐಸಿಇಯ ನಂಬರು ಮಾತ್ರ ಮತ್ತೆ ನಮ್ಮ ಥರ, ಒಂದೊಂದು ಗಾಡಿಗೆ ಒಂದೊಂದು. ಆರ್‌ಇಗೂ ಒಳಗೊಳಗೆ ಗಾಡಿ ನಂಬರು ಇರುತ್ತದೆ, ಆ್ಯಪ್‌ನಲ್ಲಿ ರೂಟಿನ ಪಕ್ಕ ಬರೆದಿರುತ್ತದೆ. ಬರೆದಿಟ್ಟುಕೊಳ್ಳಿ. ಮಾಮೂಲಿ ಟಿಕೆಟ್ ಇದ್ದು, ತಲುಪುವುದು 60 ನಿಮಿಷ ತಡವಾದರೆ ದರದ ಕಾಲು ಭಾಗ, 120 ನಿಮಿಷವಾದರೆ ಅರ್ಧ ವಾಪಸ್ ಸಿಗುತ್ತದೆ. ಅದನ್ನು ಕೇಳುವಾಗ ಯಾವ ಗಾಡಿ ಎಂದು ಹೇಳಬೇಕಲ್ವಾ?

ಹಳಿಗೂ ಬೇರೆ ನಂಬರಿದೆ, ನಾಲ್ಕು ಅಂಕಿಯದ್ದು. ಮ್ಯಾನ್‌ಹೈಮ್‌ನಿಂದ ಕಾರ್ಲ್ಸ್‌ರೂಹೆ ಹಾದು ಬಾಸೆಲ್ ಕಡೆ ಹೋಗುವ ಹಳಿ 4000. ಮೊದಲ ಅಂಕಿ ಸೀಮೆ ಹೇಳುತ್ತದೆ: 5 ಬವೇರಿಯಾ ಕಡೆ, 6 ಹಳೆಯ ಪೂರ್ವ ಜರ್ಮನಿ. ಪ್ರಯಾಣಿಕರಿಗೆ ಇದರಿಂದ ಏನೂ ಆಗಬೇಕಿಲ್ಲ. ನನಗೆ ಸುಮ್ನೆ ಹುಚ್ಚು.

ಇನ್ನೊಂದು. ಬೆಂಗಳೂರಿನಿಂದ ಬರುತ್ತಿದ್ದ ಕಣ್ಣೂರು–ಕಾರವಾರ ಗಾಡಿ ಮಂಗಳೂರಿನಲ್ಲಿ ಎರಡಾಗುತ್ತಿತ್ತು, ನೆನಪಿದೆಯಾ? ಜರ್ಮನಿಯಲ್ಲಿ ಈಗಲೂ ಅಂಥವು ಜಾಸ್ತಿ. ನಾನೊಮ್ಮೆ ಸರಿಯಾದ ರೈಲಿನ ತಪ್ಪು ಅರ್ಧದಲ್ಲಿ ಕೂತು, ಹೆಸರೇ ಕೇಳದ ಹಳ್ಳಿಯಲ್ಲಿ ಇಳಿದಿದ್ದೆ. ಪ್ಲಾಟ್‌ಫಾರ್ಮ್‌ನಲ್ಲಿ ಎ, ಬಿ, ಸಿ ಬೋರ್ಡುಗಳಿರುತ್ತವೆ. ಯಾವ ಅಕ್ಷರದ ಎದುರು ನಿಮ್ಮೂರಿನ ಡಬ್ಬಿ ಬರುತ್ತದೆ ಎಂದು ನೋಡಿ, ಆಮೇಲೆ ಹತ್ತಿ.